ಲೆಕ್ಕಕ್ಕುಂಟು, ಕಣ್ಣಿಗಿಲ್ಲ

ಗಡಿಯಾಚೆಯ ಕನ್ನಡಿಗರ ಅಂಕಿಸಂಖ್ಯೆ ಜನಗಣತಿಯ ಕಡತದಲ್ಲಿ ಭದ್ರವಾಗಿದೆ. ಅದನ್ನು ಎಲ್ಲರ ಕೈಗೆ ಸಿಗುವಂತೆ ಅಂತರ್ಜಾಲದ ಕೋಷ್ಟಕವಾಗಿ ಕಟ್ಟುವ ಕೆಲಸ ನಮ್ಮ ಹುಡುಗರಿಂದಲೇ ಆಗಬಹುದು. ಕಟ್ಟುವ ರೀತಿ ತಪ್ಪಿದರೆ ಮಾತ್ರ ಇದ್ದವರೂ ಇಲ್ಲದಂತಾಗುತ್ತಾರೆ.

“ಆಟಕ್ಕುಂಟು, ಲೆಕ್ಕಕ್ಕಿಲ್ಲ” ಎಂಬುದು ನಮ್ಮ ಕಡೆಯ ಹಳೆಯ ಮಾತು. ಗಡಿಯಾಚೆಯ ಕನ್ನಡಿಗರ ಪಾಡು ಇದರ ತಿರುಗುಮುರುಗು. ಲೆಕ್ಕದಲ್ಲೇನೋ ಅವರಿದ್ದಾರೆ. 2011ರಲ್ಲಿ ಜನಗಣತಿಯವರು ಮನೆಮನೆಗೆ ಬಂದರು, ಮಾತೃಭಾಷೆ ಯಾವುದೆಂದು ಕೇಳಿದರು, ಕನ್ನಡ ಎಂದದ್ದನ್ನು ಬರೆದುಕೊಂಡು ಹೋದರು. ಆದರೆ ಶಾಲೆಗೊಬ್ಬ ಕನ್ನಡ ಮೇಷ್ಟರು ಬೇಕು, ತಾಲೂಕು ಕಚೇರಿಯ ನೋಟೀಸು ಕನ್ನಡದಲ್ಲೂ ಹೊರಡಬೇಕು ಎಂದು ಅರ್ಜಿ ಹಿಡಿದು ಹೋದಾಗ ಮೊದಲು ಎದುರಾಗುವ ಪ್ರಶ್ನೆ, “ನೀವೆಷ್ಟು ಜನ ಇದ್ದೀರಿ?” ಸೋಲಾಪುರದ ಕಡೆಯವರು “ಬಾಳ ಮಂದಿ ಅದೀವ್ರೀ” ಅನ್ನಬಹುದು, ಕಾಸರಗೋಡಿನವರು “ತುಂಬ ಜನ ಉಂಟು ಮಾರಾಯ್ರೆ” ಅನ್ನಬಹುದು. ಎರಡೂ ಅಂಕಿಯಲ್ಲ. ಕಡತಕ್ಕೆ ಬೇಕಾದದ್ದು ಅಂಕಿ.

ಅಂಕಿ ಇಲ್ಲವೆಂದಲ್ಲ. 2011ರ ಎಣಿಕೆಯಂತೆ ದೇಶದಲ್ಲಿ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ. ಇವರಲ್ಲಿ 4 ಕೋಟಿ 6 ಲಕ್ಷಕ್ಕೂ ಮೇಲ್ಪಟ್ಟವರು ಕರ್ನಾಟಕದೊಳಗೆ, ಉಳಿದ ಸುಮಾರು 30 ಲಕ್ಷ ಮಂದಿ ಹೊರಗೆ. ತಮಿಳುನಾಡಿನಲ್ಲಿ ಹನ್ನೆರಡೂವರೆ ಲಕ್ಷಕ್ಕೂ ಹೆಚ್ಚು, ಮಹಾರಾಷ್ಟ್ರದಲ್ಲಿ ಸುಮಾರು 10 ಲಕ್ಷ, ಕೇರಳದಲ್ಲಿ ಮುಕ್ಕಾಲು ಲಕ್ಷಕ್ಕಿಂತ ಜಾಸ್ತಿ. ಆದರೆ ಇವೆಲ್ಲ ರಾಜ್ಯದ ಸಾಲುಗಳು. ಕೇರಳ ರಾಜ್ಯದ ಸಾಲಿನಲ್ಲಿ ಕನ್ನಡ ನೂರಕ್ಕೆ ಕಾಲು ಪಾಲೂ ಇಲ್ಲ. ಮಹಾರಾಷ್ಟ್ರದ ಸಾಲಿನಲ್ಲಿ ನೂರಕ್ಕೆ ಒಂದೂ ತುಂಬದು. ರಾಜ್ಯದ ಸಾಲು ನೋಡಿದವನಿಗೆ “ಇಷ್ಟೇನಾ?” ಅನ್ನಿಸುವುದು ಸಹಜ. ಅದೇ ಪಟ್ಟಿಯನ್ನು ಜಿಲ್ಲೆಗೆ, ತಾಲೂಕಿಗೆ ಇಳಿಸಿ ನೋಡಿದರೆ ಚಿತ್ರವೇ ಬೇರೆ. ಕೇರಳದ ಕನ್ನಡಿಗರು ಹದಿನಾಲ್ಕು ಜಿಲ್ಲೆಗಳಲ್ಲಿ ಸಮನಾಗಿ ಚದುರಿದವರಲ್ಲ. ಮಹಾರಾಷ್ಟ್ರದ ಅಕ್ಕಲಕೋಟೆಯನ್ನೂ ರತ್ನಾಗಿರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಅಕ್ಕಲಕೋಟೆಯ ಕನ್ನಡ ಕಾಣುವುದು ಹೇಗೆ?

ನೂರಕ್ಕೆ ಹದಿನೈದು ಎಂಬ ಗೆರೆ

ತಾಲೂಕಿನ ಅಂಕಿಗೆ ಯಾಕಿಷ್ಟು ಬೆಲೆ ಎಂದು ಕೇಳಬಹುದು. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಹೊಸದಾಗಿ ಎಳೆದಾಗ ಗೆರೆಯ ಆಚೆ ಉಳಿದವರ ರಕ್ಷಣೆಗೆಂದು ಕೇಂದ್ರ ಸರಕಾರ ಅದೇ ವರ್ಷ ಒಂದು ಜ್ಞಾಪನಪತ್ರ ಹೊರಡಿಸಿತು. ತಾಲೂಕು, ಪುರಸಭೆಯಂಥ ಸಣ್ಣ ಘಟಕದಲ್ಲಿ ಭಾಷಾ ಅಲ್ಪಸಂಖ್ಯಾತರು ನೂರಕ್ಕೆ 15ರಿಂದ 20ರಷ್ಟಿದ್ದರೆ ಮುಖ್ಯ ನೋಟೀಸು, ನಿಯಮಗಳನ್ನು ಅವರ ಭಾಷೆಯಲ್ಲೂ ಕೊಡುವ ಏರ್ಪಾಡು ಅಲ್ಲಿಂದ ಬಂದದ್ದು. ಜಿಲ್ಲೆಯ ಮಟ್ಟದಲ್ಲಾದರೆ ಗೆರೆ ಬೇರೆ. ಶಾಲೆಯ ವಿಷಯದಲ್ಲಿ 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನದ ಸೂತ್ರ ಇನ್ನೊಂದು: ತರಗತಿಯಲ್ಲಿ 10 ಮಕ್ಕಳು ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದರೆ ಪ್ರಾಥಮಿಕ ಹಂತದಲ್ಲಿ ಆ ಭಾಷೆಯ ಶಿಕ್ಷಕರು. ಸಂವಿಧಾನದ 350-ಎ ವಿಧಿಯೂ ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲಿ ಸಿಗಲಿ ಎನ್ನುತ್ತದೆ. 350-ಬಿ ವಿಧಿ ಭಾಷಾ ಅಲ್ಪಸಂಖ್ಯಾತರಿಗಾಗಿ ಒಬ್ಬ ವಿಶೇಷಾಧಿಕಾರಿಯನ್ನು ಕೊಟ್ಟಿದೆ.

ನೋಡಿ, ಇಲ್ಲಿ ಎಲ್ಲವೂ ಅಂಕಿಯ ಮೇಲೆ ನಿಂತಿದೆ. ಅದೂ ಯಾವ ಘಟಕದ ಅಂಕಿ ಎಂಬುದರ ಮೇಲೆ. ಹದಿನೈದರ ಗೆರೆ ದಾಟಿದ್ದೇವೋ ಇಲ್ಲವೋ ಎಂಬುದು ಊಹೆಯಿಂದ ತೀರ್ಮಾನವಾಗುವ ಮಾತಲ್ಲ.

ಇದನ್ನು ಹೇಳುವ ಸರಕಾರಿ ಪಟ್ಟಿಗೆ ಸಿ-16 ಎಂದು ಹೆಸರು. ಜನರನ್ನು ಮಾತೃಭಾಷೆಯಂತೆ ವಿಂಗಡಿಸಿದ ಪಟ್ಟಿ ಇದು. 2011ರ ಎಣಿಕೆಯ ಭಾಷಾ ಅಂಕಿಗಳು 2018ರಲ್ಲಿ ಹೊರಬಂದವು. ರಾಜ್ಯ, ಜಿಲ್ಲೆ, ತಾಲೂಕು ಎಂದು ಒಂದೊಂದು ಜಾಗಕ್ಕೂ ಅಲ್ಲಿರುವ ಒಂದೊಂದು ಭಾಷೆಗೂ ಒಂದೊಂದು ಸಾಲು. ಪ್ರತಿ ಸಾಲಿನಲ್ಲಿ ಒಟ್ಟು, ಗ್ರಾಮೀಣ, ನಗರ ಎಂಬ ಮೂರು ಗುಂಪು. ಪ್ರತಿ ಗುಂಪಿನಲ್ಲಿ ಜನ, ಗಂಡು, ಹೆಣ್ಣು ಎಂಬ ಮೂರು ಕಾಲಂ. ಒಂಬತ್ತು ಅಂಕಿ, ಸಾವಿರಾರು ಸಾಲು, ಊರ ಹೆಸರೆಲ್ಲ ಇಂಗ್ಲಿಷಿನಲ್ಲಿ. ಎಕ್ಸೆಲ್ ಕಡತವಾಗಿ ಇಳಿಸಿಕೊಳ್ಳಬಹುದು. ಇಳಿಸಿಕೊಂಡು ಫೋನಿನಲ್ಲಿ ತೆರೆದು ತಮ್ಮ ತಾಲೂಕನ್ನು ಪತ್ತೆ ಹಚ್ಚುವವರು ಎಷ್ಟು ಜನ? ಇದ್ದರೂ ಇಲ್ಲದಂತೆ ಎಂದದ್ದು ಇದಕ್ಕೇ.

ಮುಟ್ಟಿದರೆ ಮಾತಾಡುವ ಕೋಷ್ಟಕ

ಅಂತರ್ಜಾಲದ ಪುಟದಲ್ಲಿ ಕೋಷ್ಟಕ ತೋರಿಸುವುದು 1990ರ ದಶಕದಿಂದಲೂ ನಡೆದ ಕೆಲಸ. ಅದು ಪಂಚಾಯ್ತಿ ಗೋಡೆಗೆ ಅಂಟಿಸಿದ ಪಟ್ಟಿಯಿದ್ದಂತೆ. ಇದ್ದದ್ದು ಇದ್ದ ಹಾಗೆ ಓದಬೇಕು. ಈಗ ಮಾಡಬಹುದಾದ್ದು ಬೇರೆ. ಕಾಲಂನ ತಲೆಬರಹ ಒತ್ತಿದರೆ ಸಾಲುಗಳು ಏರಿಕೆಯಲ್ಲೋ ಇಳಿಕೆಯಲ್ಲೋ ಜೋಡಿಸಿಕೊಳ್ಳುತ್ತವೆ. ಪೆಟ್ಟಿಗೆಯಲ್ಲಿ ಊರ ಹೆಸರು ಬರೆದರೆ ಆ ಸಾಲು ಮಾತ್ರ ಉಳಿಯುತ್ತದೆ. “ಕನ್ನಡ ನೂರಕ್ಕೆ ಹದಿನೈದಕ್ಕಿಂತ ಹೆಚ್ಚಿರುವ ತಾಲೂಕು ಮಾತ್ರ ತೋರಿಸು” ಎಂದರೆ ಜರಡಿ ಹಿಡಿದಂತೆ ಉಳಿದವೆಲ್ಲ ಉದುರಿಹೋಗುತ್ತವೆ.

ಇದಕ್ಕೆ ಬೇಕಾದ ಸಲಕರಣೆ ದುಬಾರಿಯದಲ್ಲ. ಡೇಟಾಟೇಬಲ್ಸ್, ಟ್ಯಾಬ್ಯುಲೇಟರ್, ಟ್ಯಾನ್‌ಸ್ಟ್ಯಾಕ್ ಟೇಬಲ್ ಮುಂತಾದ ಸಿದ್ಧ ಜಾವಾಸ್ಕ್ರಿಪ್ಟ್ ಕಟ್ಟುಗಳು ಪುಕ್ಕಟೆಯಾಗಿ ಸಿಗುತ್ತವೆ. ಹೊಸೂರಿನಲ್ಲೋ ಆದವಾನಿಯಲ್ಲೋ ಕಂಪ್ಯೂಟರ್ ಓದಿದ ಹುಡುಗ ಹುಡುಗಿ ಒಂದು ವಾರದಲ್ಲಿ ಮೊದಲ ಕೋಷ್ಟಕ ನಿಲ್ಲಿಸಬಹುದು. ಕಷ್ಟವಿರುವುದು ಅಲ್ಲಲ್ಲ. ಸಿದ್ಧ ಕಟ್ಟುಗಳನ್ನು ಮಾಡಿದವರು ಬೇರೆ ಭಾಷೆ, ಬೇರೆ ಅಗತ್ಯ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಾರೆ. ಅವರು ಬಿಟ್ಟ ಹಾಗೇ ಬಿಟ್ಟರೆ ನಮ್ಮ ಊರು ಕಾಣದೆ ಹೋಗುವ ಗುಂಡಿಗಳು ಅಲ್ಲಲ್ಲಿವೆ. ಒಂದೊಂದಾಗಿ ನೋಡೋಣ.

ಮಂಜೇಶ್ವರ ಎಲ್ಲಿ ಹೋಯ್ತು?

ಮೊದಲ ಗುಂಡಿ ಗೆರೆಯದು. 2011ರ ಪಟ್ಟಿಯಲ್ಲಿ ಮಂಜೇಶ್ವರ ತಾಲೂಕನ್ನು ಹುಡುಕಿದರೆ ಸಿಗುವುದಿಲ್ಲ. ಆಗ ಕಾಸರಗೋಡು ಜಿಲ್ಲೆಗೆ ಇದ್ದದ್ದು ಕಾಸರಗೋಡು, ಹೊಸದುರ್ಗ ಎಂಬ ಎರಡೇ ತಾಲೂಕು. ಮಂಜೇಶ್ವರ ತಾಲೂಕಾದದ್ದು 2014ರಲ್ಲಿ. ತಾಳವಾಡಿಯೂ ಹಾಗೆಯೇ, ಆಗ ಸತ್ಯಮಂಗಲ ತಾಲೂಕಿನ ಹೊಟ್ಟೆಯೊಳಗಿತ್ತು. ತೆಲಂಗಾಣ ರಾಜ್ಯವಾದದ್ದು 2014ರಲ್ಲಿ, ನಾರಾಯಣಪೇಟೆ ಜಿಲ್ಲೆಯಾದದ್ದು 2019ರಲ್ಲಿ. ಆದ್ದರಿಂದ ಆ ಕಡೆಯ ಕನ್ನಡಿಗರು 2011ರ ಪಟ್ಟಿಯಲ್ಲಿ ಆಂಧ್ರಪ್ರದೇಶದ ಮಹಬೂಬ್‌ನಗರ ಜಿಲ್ಲೆಯಡಿ ಇದ್ದಾರೆ. ಆಗ ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ.

ಹೀಗಾಗಿ ಕೋಷ್ಟಕದಲ್ಲಿ “ಎಣಿಕೆಯ ಕಾಲದ ತಾಲೂಕು” ಮತ್ತು “ಈಗಿನ ತಾಲೂಕು” ಎಂದು ಎರಡು ಕಾಲಂ ಇಡಲೇಬೇಕು. ಈಗಿನ ಹೆಸರಿನಿಂದ ಹುಡುಕಿದರೂ ಹಳೆಯ ಸಾಲು ಎದುರಿಗೆ ಬರಬೇಕು, ಜತೆಗೆ “ಈ ಅಂಕಿ ಅಂದಿನ ಇಡೀ ಕಾಸರಗೋಡು ತಾಲೂಕಿನದು” ಎಂಬ ಸೂಚನೆಯೂ ಇರಬೇಕು. ಒಂದು ಸಾಲನ್ನು ಅಂದಾಜಿನಿಂದ ಎರಡಾಗಿ ಸೀಳಿ ಮಂಜೇಶ್ವರಕ್ಕೊಂದು ಅಂಕಿ ಹುಟ್ಟಿಸಬಾರದು. ಅರ್ಜಿಯಲ್ಲಿ ಒಂದು ಹುಸಿ ಅಂಕಿ ಸಿಕ್ಕಿಬಿದ್ದರೆ ಉಳಿದ ಹತ್ತು ನಿಜದ ಅಂಕಿಗೂ ಬೆಲೆ ಹೋಗುತ್ತದೆ.

ಇನ್ನೊಂದು ಮಾತು. ಒಂದು ಪಟ್ಟಿಯನ್ನು ಇನ್ನೊಂದಕ್ಕೆ ಹೊಂದಿಸುವಾಗ ಊರ ಹೆಸರನ್ನು ನಂಬಬಾರದು. ಹೊಸದುರ್ಗ ಕಾಸರಗೋಡು ಜಿಲ್ಲೆಯಲ್ಲೂ ಉಂಟು, ಚಿತ್ರದುರ್ಗ ಜಿಲ್ಲೆಯಲ್ಲೂ ಉಂಟು. ಜನಗಣತಿ ಪ್ರತಿ ಜಾಗಕ್ಕೂ ಒಂದು ಸಂಕೇತ ಸಂಖ್ಯೆ ಕೊಟ್ಟಿದೆ. 2011ರಲ್ಲಿ ಮಹಾರಾಷ್ಟ್ರಕ್ಕೆ 27, ಆಂಧ್ರಕ್ಕೆ 28, ಕರ್ನಾಟಕಕ್ಕೆ 29, ಗೋವಾಕ್ಕೆ 30, ಕೇರಳಕ್ಕೆ 32, ತಮಿಳುನಾಡಿಗೆ 33. ಒಳಗಿನ ಕೆಲಸವೆಲ್ಲ ಈ ಸಂಖ್ಯೆಯ ಮೇಲೆ ನಡೆಯಲಿ, ಹೆಸರು ಕಣ್ಣಿಗೆ ಮಾತ್ರ ಇರಲಿ.

ಬಡಗರ ಸಾಲು

ಎರಡನೆಯ ಗುಂಡಿ ನೀಲಗಿರಿಯಲ್ಲಿದೆ. ಜನಗಣತಿಯ ಲೆಕ್ಕದಲ್ಲಿ “ಭಾಷೆ” ಬೇರೆ, “ಮಾತೃಭಾಷೆ” ಬೇರೆ. 2011ರಲ್ಲಿ 270 ಮಾತೃಭಾಷೆಗಳನ್ನು 121 ಭಾಷೆಗಳಡಿ ಗುಂಪು ಮಾಡಿದ್ದಾರೆ. ಕನ್ನಡ ಎಂಬ ಗುಂಪಿನೊಳಗೆ ಕನ್ನಡ, ಬಡಗ, ಕುರುಂಬ ಎಂಬ ಮಾತೃಭಾಷೆಗಳಿಗೆ ಬೇರೆ ಬೇರೆ ಸಾಲು. ಬಡಗ ನುಡಿಯವರು 1 ಲಕ್ಷ 33 ಸಾವಿರಕ್ಕೂ ಮೇಲೆ. ಬಡಗವನ್ನು ಸ್ವತಂತ್ರ ನುಡಿ ಎನ್ನುವವರಿದ್ದಾರೆ, ಕನ್ನಡದ ಕವಲು ಎನ್ನುವವರೂ ಇದ್ದಾರೆ. ಆ ವಾದವನ್ನು ಕೋಷ್ಟಕ ಕಟ್ಟುವವನು ತೀರ್ಮಾನಿಸಬೇಕಿಲ್ಲ. ಎರಡನ್ನೂ ಕಾಣುವಂತೆ ಇಟ್ಟರೆ ಸಾಕು.

ಗುಂಪಿನ ಮೊತ್ತ ಒಂದು ಸಾಲು, ಅದರ ಒಳಗಿನ ನುಡಿಗಳು ಕೆಳಗಿನ ಸಾಲುಗಳು. ಅರಿಯದವನು ಕಾಲಂ ಪೂರ್ತಿ ಕೂಡಿಸಿದರೆ ಪ್ರತಿಯೊಬ್ಬನೂ ಎರಡೆರಡು ಸಲ ಲೆಕ್ಕಕ್ಕೆ ಬರುತ್ತಾನೆ. ಗುಂಪಿನ ಸಾಲನ್ನಷ್ಟೇ ಉಳಿಸಿಕೊಂಡರೆ ಬಡಗರು ಕಣ್ಮರೆ. ಒಳಗಿನ ಸಾಲನ್ನಷ್ಟೇ ಉಳಿಸಿಕೊಂಡರೆ ನೀಲಗಿರಿಯ ಕನ್ನಡದ ಅಂಕಿ ಒಮ್ಮೆಗೇ ಕುಸಿಯುತ್ತದೆ. ಸರಿಯಾದ ದಾರಿ ಮಡಿಸಿಟ್ಟ ಸಾಲು. ಮೊದಲು ಗುಂಪಿನ ಮೊತ್ತ ಕಾಣಲಿ, ಪಕ್ಕದ ಗುರುತು ಒತ್ತಿದರೆ ಒಳಗಿನ ನುಡಿಗಳು ಬಿಚ್ಚಿಕೊಳ್ಳಲಿ. ಪ್ರತಿ ಸಾಲಿಗೂ ಇದು ಮೊತ್ತವೋ ಬಿಡಿಯೋ ಎಂಬ ಗುರುತನ್ನು ದತ್ತಾಂಶದಲ್ಲೇ ಹಾಕಿಟ್ಟರೆ ಕೂಡಿಸುವಾಗ ಎಡವುವುದಿಲ್ಲ.

ತಾಳವಾಡಿಯೋ ತಾವರೆಕೆರೆಯೋ, ಯಾವುದು ಮೊದಲು?

ನಮ್ಮ ವರ್ಣಮಾಲೆಯಲ್ಲಿ ಯ ರ ಲ ವ ಶ ಷ ಸ ಹ ಳ ಎಂದು ಓದಿದವರು ನಾವು. ‘ಳ’ ಕಟ್ಟಕಡೆಗೆ. ಆದರೆ ಕಂಪ್ಯೂಟರಿನೊಳಗೆ ಯೂನಿಕೋಡ್ ಸಂಖ್ಯೆಗಳ ಸಾಲಿನಲ್ಲಿ ‘ಳ’ ಕೂತಿರುವುದು ‘ಲ’ದ ಮಗ್ಗುಲಲ್ಲಿ, ‘ವ’ಕ್ಕಿಂತ ಮೊದಲು. ಜಾವಾಸ್ಕ್ರಿಪ್ಟಿಗೆ ಸುಮ್ಮನೆ “ವಿಂಗಡಿಸು” ಎಂದರೆ ಅದು ಈ ಸಂಖ್ಯೆಯನ್ನೇ ನೋಡುತ್ತದೆ. ಆಗ ತಾಳವಾಡಿ ತಾವರೆಕೆರೆಗಿಂತ ಮುಂದೆ, ಬಳ್ಳಾರಿ ಬಸವಕಲ್ಯಾಣಕ್ಕಿಂತ ಮುಂದೆ. ಅಕಾರಾದಿ ಬಲ್ಲ ಹಿರಿಯರು ತಾಳವಾಡಿಯನ್ನು ಕೆಳಗೆ ಹುಡುಕಿ, ಸಿಗದೆ, “ನಮ್ಮೂರ ಹಾಕೇ ಇಲ್ಲ” ಅಂತ ಪುಟ ಮುಚ್ಚಿಬಿಡುತ್ತಾರೆ.

ಮದ್ದು ಸುಲಭ. ಜಾವಾಸ್ಕ್ರಿಪ್ಟಿನಲ್ಲೇ ಇಂಟ್ಲ್ ಕೊಲೇಟರ್ ಎಂಬ ಏರ್ಪಾಡಿದೆ. ಅದಕ್ಕೆ ‘ಕನ್ನಡ’ ಎಂದು ಭಾಷೆ ಹೇಳಿಕೊಟ್ಟರೆ ಭಾಷೆಯ ಕ್ರಮದಂತೆ ಜೋಡಿಸುತ್ತದೆ. ಸರ್ವರಿನಲ್ಲಿ ಪೋಸ್ಟ್‌ಗ್ರೆಸ್ ದತ್ತಸಂಚಯ ಬಳಸುವವರಿಗೂ 2017ರ 10ನೇ ಆವೃತ್ತಿಯಿಂದ ಇಂಥ ಅನುಕೂಲ ಬಂದಿದೆ. ಹಾಕಿದ ಮೇಲೆ ‘ಳ’ ಇರುವ ನಾಲ್ಕು ಊರ ಹೆಸರು ಕೊಟ್ಟು ಪರೀಕ್ಷಿಸಿ ನೋಡುವುದು ಜಾಣತನ.

ಅಂಕಿಯ ವಿಂಗಡಣೆಯಲ್ಲಿ ಇನ್ನೊಂದು ಎಡವಟ್ಟು. “10,00,463” ಎಂದು ಅಲ್ಪವಿರಾಮ ಹಾಕಿದ ಅಂಕಿಯನ್ನು ಕೋಷ್ಟಕ ಅಕ್ಷರವೆಂದು ತಿಳಿದರೆ “9,876” ಅದಕ್ಕಿಂತ ದೊಡ್ಡದಾಗುತ್ತದೆ. ಒಂಬತ್ತು ಒಂದಕ್ಕಿಂತ ದೊಡ್ಡದಲ್ಲವೇ ಎಂಬುದು ಅದರ ತರ್ಕ. ಕನ್ನಡ ಅಂಕಿಯಲ್ಲಿ “೧೨” ಎಂದು ಕೊಟ್ಟರೆ ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆಯೆಂದೇ ಒಪ್ಪುವುದಿಲ್ಲ. ಒಳಗೆ ಬರಿಯ ಸಂಖ್ಯೆ ಇರಲಿ. ಅಲ್ಪವಿರಾಮವಾಗಲಿ ಕನ್ನಡ ಅಂಕಿಯಾಗಲಿ ತೋರಿಸುವ ಹೊತ್ತಿಗೆ ಹಾಕಿದರಾಯಿತು.

ಸೊಲ್ಲಾಪುರ, ಸೋಲಾಪುರ, ಶೋಲಾಪುರ

ಹುಡುಕುವ ಪೆಟ್ಟಿಗೆಯ ಕಥೆ ಇನ್ನೂ ಸೂಕ್ಷ್ಮ. ಒಂದೇ ಊರನ್ನು ಸೊಲ್ಲಾಪುರ, ಸೋಲಾಪುರ, ಶೋಲಾಪುರ ಎಂದು ಮೂರು ಬಗೆಯಲ್ಲಿ ಬರೆಯುತ್ತೇವೆ. ಜತ್ ಎನ್ನುವವರಿದ್ದಾರೆ, ಜತ್ತ ಎನ್ನುವವರಿದ್ದಾರೆ. ಆದೋನಿಯೇ ಆದವಾನಿ. ಕಂಪ್ಯೂಟರಿಗೆ ಇವೆಲ್ಲ ಬೇರೆ ಬೇರೆ. ಇದಕ್ಕೆ ಯಂತ್ರದ ಚಾತುರ್ಯಕ್ಕಿಂತ ಮನುಷ್ಯರ ತಿಳಿವಳಿಕೆ ಬೇಕು. ಪ್ರತಿ ಊರಿಗೂ “ಬೇರೆ ಹೆಸರುಗಳು” ಎಂಬ ಮರೆಯ ಕಾಲಂ ಇಟ್ಟು, ಕನ್ನಡದ ರೂಪಗಳನ್ನೂ ಆಯಾ ರಾಜ್ಯಭಾಷೆಯ ರೂಪವನ್ನೂ ಇಂಗ್ಲಿಷ್ ಕಾಗುಣಿತವನ್ನೂ ಅದರಲ್ಲಿ ತುಂಬಬೇಕು. ಹುಡುಕಾಟ ಅದರೊಳಗೂ ನಡೆಯಬೇಕು.

ಕಣ್ಣಿಗೆ ಕಾಣದ ಕಾಟವೂ ಒಂದುಂಟು. ‘ಸೊ’ ಎಂಬಲ್ಲಿನ ಒತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಎತ್ವಕ್ಕೆ ದೀರ್ಘ ಉಕಾರದ ಚಿಹ್ನೆ ಸೇರಿಸಿ ಎರಡು ಸಂಕೇತವಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಆದರೆ ಒಂದು ರೀತಿ ಬರೆದು ಹುಡುಕಿದರೆ ಇನ್ನೊಂದು ರೀತಿಯದು ಸಿಗುವುದಿಲ್ಲ. ಹೊಸೂರು, ಸೊಲ್ಲಾಪುರ, ಕಾಸರಗೋಡು ಮೂರೂ ಈ ಬಲೆಯಲ್ಲಿ ಬೀಳುವ ಹೆಸರುಗಳೇ. ಇನ್ನು “ಅಕ್ಕಲ್‌ಕೋಟ್” ಎಂದು ಬರೆಯುವಾಗ ‘ಲ್’ ಮತ್ತು ‘ಕೋ’ ಒತ್ತಕ್ಷರವಾಗಿ ಕೂಡಿಕೊಳ್ಳದಂತೆ ನಡುವೆ ಒಂದು ಅಗೋಚರ ಸಂಕೇತ ಹಾಕುತ್ತೇವೆ. ಹುಡುಕುವವನು ಅದನ್ನು ಹಾಕದಿದ್ದರೆ ಊರು ನಾಪತ್ತೆ.

ಇದಕ್ಕೆ ಪರಿಹಾರ ಎರಡು ಹೆಜ್ಜೆಯದು. ದತ್ತಾಂಶವನ್ನೂ ಹುಡುಕುವ ಪದವನ್ನೂ ಒಂದೇ ರೂಪಕ್ಕೆ ತರಬೇಕು. ಎನ್‌ಎಫ್‌ಸಿ ಎಂಬ ರೂಪ ಇದಕ್ಕೆಂದೇ ಇದೆ, ಜಾವಾಸ್ಕ್ರಿಪ್ಟಿನಲ್ಲಿ ಒಂದೇ ಆಜ್ಞೆ. ಆಮೇಲೆ ಅಗೋಚರ ಸಂಕೇತಗಳನ್ನು ಎರಡೂ ಕಡೆ ತೆಗೆದುಹಾಕಬೇಕು. ತೋರಿಸುವ ಹೆಸರು ಹಾಗೇ ಇರಲಿ, ಹೋಲಿಸುವ ಹೆಸರು ಮಾತ್ರ ಶುದ್ಧವಾಗಲಿ. ನುಡಿ, ಬರಹ ಮುಂತಾದ ಹಳೆಯ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಪಟ್ಟಿಗಳಿದ್ದರೆ ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಒಂದು ಸಲ ಕಣ್ಣಾರೆ ಓದಿ ನೋಡದೆ ಮುಂದುವರಿಯಬಾರದು.

ಹತ್ತೇ ಸಾಲಿನ ಪುಟ

ಡೇಟಾಟೇಬಲ್ಸ್ ಕಟ್ಟನ್ನು ಹಾಗೇ ಬಳಸಿದರೆ ಪುಟಕ್ಕೆ ಹತ್ತು ಸಾಲು ಮಾತ್ರ ಕಾಣುತ್ತದೆ. ಒಂದು ಜಿಲ್ಲೆಯ ಭಾಷೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಹತ್ತಕ್ಕೆ ನಿಲ್ಲಿಸಿದರೆ ಹನ್ನೊಂದನೆಯ ಭಾಷೆಯವರ ಗತಿಯೇನು? ಎರಡನೆಯ ಪುಟಕ್ಕೆ ಹೋಗಿ ನೋಡುವ ತಾಳ್ಮೆ ಎಲ್ಲರಿಗಿರುವುದಿಲ್ಲ. ಅಲ್ಪಸಂಖ್ಯಾತರಿಗೆಂದೇ ಮಾಡಿದ ಕೋಷ್ಟಕದಲ್ಲಿ ಅಲ್ಪಸಂಖ್ಯಾತರೇ ಹಿಂದಿನ ಪುಟಕ್ಕೆ ಸರಿದರೆ ಮಾಡಿದ್ದೂ ವ್ಯರ್ಥ. ಆದ್ದರಿಂದ ಪುಟ ತೆರೆದಾಗಲೇ ಕನ್ನಡದ ಪ್ರಮಾಣದಂತೆ ತಾಲೂಕುಗಳು ಜೋಡಿಸಿರಲಿ, ಪುಟಕ್ಕೆ ಐವತ್ತು ಸಾಲು ಇರಲಿ, “ಎಲ್ಲ ತೋರಿಸು” ಎಂಬ ಗುಂಡಿಯೂ ಇರಲಿ. ಒಟ್ಟು ಎಷ್ಟು ಸಾಲಿನಲ್ಲಿ ಎಷ್ಟು ಕಾಣುತ್ತಿದೆ ಎಂಬುದನ್ನು ದಪ್ಪಕ್ಷರದಲ್ಲಿ ಬರೆದಿರಲಿ.

ಎಲ್ಲ ಸಾಲನ್ನೂ ಓದುಗನ ಫೋನಿಗೇ ಕಳಿಸಬೇಕೋ, ಬೇಕಾದಷ್ಟನ್ನು ಮಾತ್ರ ಸರ್ವರಿನಿಂದ ತರಿಸಬೇಕೋ ಎಂಬುದು ಇನ್ನೊಂದು ತೀರ್ಮಾನ. 2011ರಲ್ಲಿ ದೇಶದಲ್ಲಿದ್ದ 5,924 ಉಪಜಿಲ್ಲೆಗಳಿಗೂ ಎಲ್ಲ ಭಾಷೆಗಳಿಗೂ ಕೋಷ್ಟಕ ಮಾಡಿದರೆ ಸಾಲುಗಳು ಲಕ್ಷದ ಲೆಕ್ಕಕ್ಕೆ ಹೋಗುತ್ತವೆ. ಆಗ ಸರ್ವರ್ ಬೇಕೇ ಬೇಕು. ಗಡಿಯ ತಾಲೂಕುಗಳಷ್ಟೇ ಆದರೆ ಕೆಲವು ಸಾವಿರ ಸಾಲು. ಅಷ್ಟನ್ನು ಒಮ್ಮೆಲೇ ಕಳಿಸಿಬಿಡುವುದು ಮೇಲು. ಒಮ್ಮೆ ಬಂದ ಮೇಲೆ ಸಿಗ್ನಲ್ ಹೋದರೂ ಹುಡುಕಾಟ ನಡೆಯುತ್ತದೆ. ವಯನಾಡು, ತಾಳವಾಡಿಯ ಕಾಡಂಚಿನ ಊರುಗಳಿಗೆ ಇದು ಸಣ್ಣ ಉಪಕಾರವಲ್ಲ.

ಸರ್ವರ್ ದಾರಿ ಹಿಡಿದವರು ಮೂರು ಎಚ್ಚರ ಇಟ್ಟುಕೊಳ್ಳಬೇಕು. ಪ್ರತಿ ಅಕ್ಷರ ಒತ್ತಿದಾಗಲೂ ಸರ್ವರಿಗೆ ಓಡದೆ, ಬರೆಯುವವರ ಕೈ ಅರೆಕ್ಷಣ ನಿಂತ ಮೇಲೆ ಒಮ್ಮೆ ಕೇಳಬೇಕು. ಮೊದಲು ಕೇಳಿದ್ದರ ಉತ್ತರ ತಡವಾಗಿ ಬಂದು ಹೊಸ ಉತ್ತರದ ಮೇಲೆ ಕೂರದಂತೆ ಪ್ರತಿ ಕೇಳಿಕೆಗೂ ಕ್ರಮಸಂಖ್ಯೆ ಹಾಕಬೇಕು. ಯಾವ ಕಾಲಂನಂತೆ ಜೋಡಿಸಬೇಕೆಂಬ ಕೋರಿಕೆಯನ್ನು ಒಪ್ಪಿತ ಕಾಲಂಗಳ ಪಟ್ಟಿಗೆ ತಾಳೆ ನೋಡದೆ ದತ್ತಸಂಚಯಕ್ಕೆ ದಾಟಿಸಬಾರದು. ಕಳ್ಳರು ನುಗ್ಗುವ ಬಾಗಿಲು ಅದು.

ನಲವತ್ತೈದೋ ಹದಿನೇಳೋ?

ಕೋಷ್ಟಕದ ಕೆಳಗೆ ಬರುವ ಮೊತ್ತದ ಸಾಲು ನೋಡಲು ಸಾದಾ, ಒಳಗೆ ಮೋಸ. ಎರಡು ಮಂಡಲಗಳಿವೆ ಎಂದಿಟ್ಟುಕೊಳ್ಳಿ. ಒಂದರಲ್ಲಿ 10,000 ಜನ, ಕನ್ನಡಿಗರು 8,000, ಅಂದರೆ ನೂರಕ್ಕೆ 80. ಇನ್ನೊಂದರಲ್ಲಿ 90,000 ಜನ, ಕನ್ನಡಿಗರು 9,000, ಅಂದರೆ ನೂರಕ್ಕೆ 10. ಶೇಕಡಾ ಕಾಲಂನ ಸರಾಸರಿ ತೆಗೆದರೆ 45 ಬರುತ್ತದೆ. ಕೇಳಲು ಇಂಪು, ಆದರೆ ಸುಳ್ಳು. ಒಟ್ಟು ಲಕ್ಷ ಜನರಲ್ಲಿ 17,000 ಕನ್ನಡಿಗರು, ಅಂದರೆ 17. ಶೇಕಡಾವನ್ನು ಯಾವತ್ತೂ ಕೂಡಿಸಬಾರದು, ಸರಾಸರಿ ಮಾಡಬಾರದು. ಜನರನ್ನು ಕೂಡಿಸಿ ಆಮೇಲೆ ಭಾಗಿಸಬೇಕು. ಹದಿನೇಳೇ ಹದಿನೈದರ ಗೆರೆ ದಾಟುತ್ತದೆ ಎಂದ ಮೇಲೆ ನಲವತ್ತೈದರ ಆಸೆ ಯಾಕೆ?

ಜರಡಿ ಹಿಡಿದಾಗ ಕೆಳಗಿನ ಮೊತ್ತ ಯಾವುದರದು ಎಂಬುದೂ ಸ್ಪಷ್ಟವಿರಬೇಕು. ಕಾಣುವ ಪುಟದ್ದೇ, ಜರಡಿಯಲ್ಲಿ ಉಳಿದ ಎಲ್ಲದ್ದೇ, ಅಥವಾ ಇಡೀ ಪಟ್ಟಿಯದೇ? ಮೂರಕ್ಕೂ ಹೆಸರು ಬರೆಯದಿದ್ದರೆ ಒಂದೇ ಪುಟದ ಮೊತ್ತವನ್ನು ಜಿಲ್ಲೆಯ ಮೊತ್ತವೆಂದು ಯಾರೋ ಅರ್ಜಿಯಲ್ಲಿ ಬರೆದುಬಿಡುತ್ತಾರೆ.

ಕೈಯಿಂದ ಕೈಗೆ

ಕೋಷ್ಟಕ ನೋಡಿ ಸುಮ್ಮನಾಗುವುದಕ್ಕಲ್ಲ, ಕೊಂಡೊಯ್ಯುವುದಕ್ಕೆ. ಜರಡಿ ಹಿಡಿದ ಸ್ಥಿತಿಯನ್ನು ಪುಟದ ವಿಳಾಸದಲ್ಲೇ ಉಳಿಸಿದರೆ ಆ ವಿಳಾಸ ಪಡೆದವರಿಗೂ ಅದೇ ಸಾಲುಗಳು ತೆರೆದುಕೊಳ್ಳುತ್ತವೆ. ಮುದ್ರಿಸಿದಾಗ ಪಟ್ಟಿಯ ಹೆಸರು, ಎಣಿಕೆಯ ವರ್ಷ, ಘಟಕದ ಹೆಸರು ಮೇಲೆ ಬರಲೇಬೇಕು. ಮೂಲ ಹೇಳದ ಅಂಕಿಯನ್ನು ಯಾವ ಕಚೇರಿಯೂ ಲೆಕ್ಕಕ್ಕಿಡದು. ಕಡತವಾಗಿ ಇಳಿಸಿಕೊಳ್ಳುವ ಸೌಲಭ್ಯವಿದ್ದರೆ ಯೂನಿಕೋಡಿನ ಗುರುತನ್ನು ಕಡತದ ತಲೆಯಲ್ಲಿ ಸೇರಿಸಬೇಕು, ಇಲ್ಲದಿದ್ದರೆ ಎಕ್ಸೆಲ್‌ನಲ್ಲಿ ಕನ್ನಡ ಕಲಸುಮೇಲೋಗರವಾದೀತು.

ಫೋನಿನ ತೆರೆಗೆ ಒಂಬತ್ತು ಕಾಲಂ ಹಿಡಿಸದು. ಊರು, ಕನ್ನಡಿಗರ ಸಂಖ್ಯೆ, ನೂರಕ್ಕೆಷ್ಟು, ಈ ಮೂರು ಸಾಕು. ಉಳಿದದ್ದು ಸಾಲನ್ನು ಒತ್ತಿದಾಗ ಬಿಚ್ಚಿಕೊಳ್ಳಲಿ. ಕಣ್ಣು ಕಾಣದವರ ಫೋನು ಪುಟವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ತಲೆಬರಹಗಳನ್ನು ತಲೆಬರಹವೆಂದೇ ಗುರುತಿಸಿ, ಯಾವ ಕಾಲಂ ಏರಿಕೆಯಲ್ಲಿದೆ ಎಂಬುದನ್ನು ಏರಿಯಾ-ಸಾರ್ಟ್ ಎಂಬ ಗುರುತಿನಿಂದ ತಿಳಿಸಿದರೆ ಅವರಿಗೂ ಕೋಷ್ಟಕ ದಕ್ಕುತ್ತದೆ.

ಕೋಷ್ಟಕ ಹೇಳದ ಮಾತು

ಎಷ್ಟು ಚೆನ್ನಾಗಿ ಕಟ್ಟಿದರೂ ಮಾತೃಭಾಷೆಯ ಪಟ್ಟಿ ಮಾತೃಭಾಷೆಯನ್ನಷ್ಟೇ ಹೇಳುತ್ತದೆ. ಕಾಸರಗೋಡಿನಲ್ಲಿ ಮನೆಯಲ್ಲಿ ತುಳು, ಕೊಂಕಣಿ, ಮರಾಠಿ ಆಡಿ ಶಾಲೆಯಲ್ಲಿ ಕನ್ನಡ ಓದಿದವರು ಬಹಳ. ಅವರು ಸಿ-16ರಲ್ಲಿ ಕನ್ನಡದ ಸಾಲಿನಲ್ಲಿಲ್ಲ. ಎರಡನೆಯ, ಮೂರನೆಯ ಭಾಷೆಯಾಗಿ ಕನ್ನಡ ಬಲ್ಲವರ ಲೆಕ್ಕ ಸಿ-17 ಎಂಬ ಬೇರೆ ಪಟ್ಟಿಯಲ್ಲಿದೆ. ಶಾಲೆಯ ಬೇಡಿಕೆಗೆ ಮಕ್ಕಳ ಹಾಜರಿಯ ಅಂಕಿಯೂ ಬೇಕು. ಈ ಮಿತಿಯನ್ನು ಕೋಷ್ಟಕದ ನೆತ್ತಿಯ ಮೇಲೆ ಎರಡು ಸಾಲಿನಲ್ಲಿ ಬರೆದಿಡುವುದು ಪ್ರಾಮಾಣಿಕತನ, ತುಳುವರಿಗೆ ತೋರಿಸುವ ಮರ್ಯಾದೆಯೂ ಹೌದು.

2025ರ ಜೂನ್ ತಿಂಗಳ ಅಧಿಸೂಚನೆಯಂತೆ ಮುಂದಿನ ಜನಗಣತಿಗೆ ದೇಶದ ಬಹುಭಾಗದಲ್ಲಿ 2027ರ ಮಾರ್ಚ್ 1 ಆಧಾರ ದಿನ. ಹೊಸ ಅಂಕಿಗಳು ಹೊಸ ಗೆರೆಗಳ ಮೇಲೆ ಬರಲಿವೆ. ಮಂಜೇಶ್ವರಕ್ಕೆ, ತಾಳವಾಡಿಗೆ ಆಗ ತಮ್ಮದೇ ಸಾಲು ಇರಬೇಕು. ಈಗಲೇ ಸಂಕೇತ ಸಂಖ್ಯೆಯ ಮೇಲೆ ಕೋಷ್ಟಕ ಕಟ್ಟಿಟ್ಟುಕೊಂಡವರು ಹೊಸ ಅಂಕಿ ಬಂದ ದಿನವೇ ಹಳೆಯದರ ಪಕ್ಕದಲ್ಲಿಟ್ಟು ಏರಿಕೆ ಇಳಿಕೆ ನೋಡಬಲ್ಲರು.

ಕಂಪ್ಯೂಟರ್ ಬಲ್ಲವರು ಅಷ್ಟು ಮಾಡಲಿ. ಊರ ಹೆಸರುಗಳ ಕೆಲಸ ಮಾತ್ರ ಅವರಿಂದಾಗದು. ಯಾವ ಊರಿಗೆ ಕನ್ನಡದಲ್ಲಿ ಏನು ಹೆಸರು, ಪಕ್ಕದ ಭಾಷೆಯವರು ಏನೆನ್ನುತ್ತಾರೆ, ಹಳೆಯ ದಾಖಲೆಯಲ್ಲಿ ಹೇಗಿತ್ತು ಎಂಬುದು ಗೊತ್ತಿರುವುದು ಆಯಾ ಊರಿನ ಮೇಷ್ಟರಿಗೆ, ಅಂಚೆಯಣ್ಣನಿಗೆ, ಜಾತ್ರೆ ಸಂತೆ ತಿರುಗಿದ ಹಿರಿಯರಿಗೆ. ಅದಕ್ಕೆ ಯಂತ್ರ ಬೇಡ, ಒಂದು ನೋಟುಪುಸ್ತಕ ಸಾಕು. ಪುಟಕ್ಕೊಂದು ಗೆರೆ ಎಳೆದು ಎಡಕ್ಕೆ ಸರಕಾರದ ಹೆಸರು, ಬಲಕ್ಕೆ ನಮ್ಮವರು ಕರೆಯುವ ಹೆಸರು ಬರೆಯುತ್ತಾ ಹೋದರೆ ಕೋಷ್ಟಕದ ಅತಿ ಬೆಲೆಯುಳ್ಳ ಕಾಲಂ ತಯಾರಾಯಿತು. ಈ ತಿಂಗಳೇ ಶುರು ಮಾಡಬಹುದಲ್ಲ?